ಕರಡಿಯ ದವಡೆಗೆ ಮೂರು ಸೂಜಿ

ಜೂನ್ ೪, ಬುಧವಾರ

ಇನ್ನೂ ಹುಟ್ಟದ ಸಮಸ್ತ ಚರಿತ್ರಕಾರರೇ, ಶಿಲಾಶಾಸನ ತಜ್ಞರೇ, ಮುಂದಿನ ಶತಮಾನದ ವಸ್ತುಸಂಗ್ರಹಾಲಯಗಳಲ್ಲಿ ಸ್ಟೂಲಿನ ಮೇಲೆ ಕೂತು ತೂಕಡಿಸಲಿರುವ ಕಾವಲುಗಾರ ಮಹನೀಯರೇ, ಮತ್ತು ಈ ಪುಸ್ತಕ ನಿಜವಾಗಿಯೂ ತಲುಪಲಿರುವ ರದ್ದಿ ಅಂಗಡಿಯ ತಕ್ಕಡಿಯೇ, ನಿಮಗೆಲ್ಲ ನನ್ನ ಸಾಷ್ಟಾಂಗ. ಇಂದು ಪ್ರಾತಃಕಾಲ, ಹಲ್ಲುಜ್ಜುವ ಶುಭ ಮುಹೂರ್ತದಲ್ಲಿ, ನನ್ನ ದವಡೆ ನನ್ನ ಆಳ್ವಿಕೆಯಿಂದ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಬ್ರಷ್ಷು ಒಳಗೆ ಹೋಯಿತು. ಹೊರಗೆ ಬರಲು ಅನುಮತಿ ಕೇಳಿತು.

ಗಾಂಭೀರ್ಯ ಬಿಟ್ಟು ಹೇಳುವುದಾದರೆ, ಬಾಯಿ ಸರಿಯಾಗಿ ತೆರೆಯುತ್ತಿಲ್ಲ. ಕೆನ್ನೆಯೊಳಗೆ, ಅಗಿಯುವ ಸ್ನಾಯು ಇರುವ ಕಡೆ, ಎರಡೂ ಬದಿಗೆ ಗೋಲಿಯಂಥ ಗಂಟು. ಅಗಿದರೆ ನೋವು, ನಕ್ಕರೆ ನೋವು, ಆಕಳಿಕೆ ಬಂದರೆ ಅರ್ಧಕ್ಕೇ ನುಂಗಬೇಕು. ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಅತ್ತೆಯ ಪ್ರಕಾರ ನಾನು ಹುಟ್ಟಿದಾಗಿನಿಂದ ಮಾಡಬೇಕಾಗಿದ್ದ ಕೆಲಸ ಅದೇ. ಅತ್ತೆ ಅಂದರೆ ಅಪ್ಪನ ಅಕ್ಕ. ಈ ಮನೆಯ ಗೃಹಮಂತ್ರಿ, ಹಣಕಾಸು ಮಂತ್ರಿ ಮತ್ತು ವಿರೋಧ ಪಕ್ಷ.

ಆದರೆ ನನ್ನ ಹೊಟ್ಟೆಪಾಡೇ ಬಾಯಿಯದು. ಕಾರ್ಟೂನುಗಳಿಗೆ ಧ್ವನಿ ಕೊಡುತ್ತೇನೆ. ಇದುವರೆಗೆ ಒಂದು ಸೊಳ್ಳೆ, ಎರಡು ಅಳಿಲು, ಒಮ್ಮೆ ಹಳೆ ಬಾಗಿಲೊಂದರ ಕಿರುಗುಟ್ಟುವಿಕೆ. ಈಗ ಕರಡಿ. ಬೆಟ್ಟದ ಮೇಲೆ ಅಂಚೆ ಹಂಚುವ ಆ ಕರಡಿ ನಾನು ಹುಟ್ಟುವ ಮೊದಲಿಂದ ಟೀವಿಯಲ್ಲಿ ಬರುತ್ತಿದೆ, ಅದರ ಧ್ವನಿ ಅಪ್ಪನದು. ಕಳೆದ ಚಳಿಗಾಲದಲ್ಲಿ ಆಪರೇಷನ್ ಮಾಡಿ ಅಪ್ಪನ ಧ್ವನಿಪೆಟ್ಟಿಗೆ ತೆಗೆದರು. ಈಗ ಕತ್ತಿನ ತೂತಿನಿಂದ ಉಸಿರಾಡುತ್ತಾರೆ. ಮಾತಾಡಬೇಕೆಂದರೆ ಫೋನಿನಲ್ಲಿ ಟೈಪ್ ಮಾಡುತ್ತಾರೆ, ಫೋನಿನೊಳಗಿನ ಹೆಂಗಸು ಅದನ್ನು ಓದುತ್ತಾಳೆ. ಅವಳಿಗೆ ಫೋನಮ್ಮ ಎಂದು ಹೆಸರಿಟ್ಟಿದ್ದೇನೆ. ರೈಲು ತಡವಾಗಿದೆ ಎನ್ನುವ ಧಾಟಿಯಲ್ಲಿ ‘ಸೂಪಿಗೆ ಉಪ್ಪು ಸಾಲದು’ ಅನ್ನುತ್ತಾಳೆ. ಅವಳು ಶುರುಮಾಡಿದ ಕೂಡಲೇ ನನಗೆ ಬೇರೆ ಕೋಣೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ.

ಕರಡಿಯದು ಈಗ ಸಿನಿಮಾ ಆಗುತ್ತಿದೆ. ಆಪರೇಷನ್ನಿಗೆ ಹೋಗುವ ಮುಂಚೆ ಅಪ್ಪ ಸ್ಟುಡಿಯೋ ಯಜಮಾನರಿಗೆ ಹೇಳಿದ್ದ ಕೊನೆಯ ಮಾತುಗಳಲ್ಲಿ ಒಂದು: ಕರಡಿಯನ್ನು ನನ್ನ ಮಗಳು ಮಾಡ್ತಾಳೆ. ಯಜಮಾನರು ಒಪ್ಪಲೂ ಇಲ್ಲ, ಬೇಡ ಅನ್ನಲೂ ಇಲ್ಲ, ಇಪ್ಪತ್ತೆಂಟನೇ ತಾರೀಕು ಪರೀಕ್ಷೆಗೆ ಕರೆದಿದ್ದಾರೆ. ನನ್ನಿಂದ ಆಗದಿದ್ದರೆ ಇನ್ನೊಬ್ಬ ತಯಾರಿದ್ದಾನೆ. ಬೆನ್ನುನೋವಿನ ಮುಲಾಮಿನ ಜಾಹೀರಾತಿನಲ್ಲಿ ಗುಡುಗುತ್ತಾನಲ್ಲ, ಆ ಮನುಷ್ಯ. ಅಪ್ಪನ ಕರಡಿಯ ಬಾಯಲ್ಲಿ ಮುಲಾಮು. ಸಾಧ್ಯವಿಲ್ಲ. ಅಪ್ಪನ ಧ್ವನಿ ಹೇಗಿತ್ತೋ ಹಾಗೇ ಬರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಕೂಡದು.

ನೋವಿದ್ದರೂ ಅಭ್ಯಾಸ ಬಿಟ್ಟಿಲ್ಲ. ಅಭ್ಯಾಸದ ಗುಟ್ಟು ಚರಿತ್ರಕಾರರಿಗೆ ಮಾತ್ರ: ಅಪ್ಪನ ಮೇಜಿನ ಡ್ರಾಯರಿನಲ್ಲಿ ಸೀಸೆಗೆ ಹಾಕುವ ಕಾರ್ಕಿನ ಬಿರಡೆ ಒಂದಿತ್ತು. ನಮ್ಮ ಕಸುಬಿನಲ್ಲಿ ಬಿರಡೆಯನ್ನು ಮುಂದಿನ ಹಲ್ಲಲ್ಲಿ ಹಗುರವಾಗಿ ಹಿಡಿದು ಓದುವುದುಂಟು, ಉಚ್ಚಾರ ಸ್ಪಷ್ಟವಾಗಲಿ ಎಂದು. ಆದರೆ ಇದರ ಮೇಲೆ ದವಡೆಹಲ್ಲಿನ ಗುರುತುಗಳಿವೆ, ಆಳವಾಗಿ. ಅಂದರೆ ಕರಡಿಯ ಧ್ವನಿ ಬರುವುದು ಬಾಯಿಯ ಹಿಂಭಾಗದಿಂದ. ಅಪ್ಪನ ಹಲ್ಲು ಊರಿದ ಗುಳಿಗಳಲ್ಲೇ ನನ್ನ ಹಲ್ಲು ಊರಿ ಪ್ರತಿದಿನ ಸಂಜೆ ಓದುತ್ತೇನೆ. ಹೆಚ್ಚುಕಡಿಮೆ ಕೂರುತ್ತದೆ.

ಜೂನ್ ೬, ಶುಕ್ರವಾರ

ಮೊದಲನೆಯ ಯುದ್ಧ. ಎದುರಾಳಿ: ಮದ್ದಿನ ಸೂಜಿ. ಸೇನಾನಿ: ಹಲ್ಲಿನ ಡಾಕ್ಟರು.

ಎತ್ತರದ ಕುರ್ಚಿ, ಮೇಲೆ ಮೀನಿನ ಕಣ್ಣಿನಂಥ ದೀಪ. ಬಾಯಿ ತೆರೆ ಅಂದರು. ಇಷ್ಟೇ ತೆರೆಯೋದು ಅಂದೆ. ಆರೋಗ್ಯವಂತರ ಬಾಯಿಯಲ್ಲಿ ಅವರದೇ ಮೂರು ಬೆರಳು ನೆಟ್ಟಗೆ ಒಂದರ ಮೇಲೊಂದು ಹಿಡಿಯಬೇಕಂತೆ. ನನ್ನಲ್ಲಿ ಒಂದೂವರೆ. ಹಲ್ಲೂ ಕೀಲೂ ಚೆನ್ನಾಗಿವೆ, ಬಿಗಿದುಕೊಂಡಿರುವುದು ಸ್ನಾಯು ಎಂದರು. ಪೆನ್ನು ಕಚ್ಚುತ್ತೀಯಾ, ಉಗುರು ಕಚ್ಚುತ್ತೀಯಾ, ಚೂಯಿಂಗ್ ಗಮ್ ಅಗಿಯುತ್ತೀಯಾ, ನಿದ್ದೆಯಲ್ಲಿ ಹಲ್ಲು ಮಸೆಯುತ್ತೀಯಾ ಎಂದು ವಿಚಾರಣೆ ನಡೆಸಿದರು. ಎಲ್ಲದಕ್ಕೂ ಇಲ್ಲ ಎಂದು ಪ್ರಾಮಾಣಿಕವಾಗಿ ಪ್ರಮಾಣ ಮಾಡಿದೆ.

ಸೂಜಿಯ ವರ್ಣನೆ: ಟೊಳ್ಳು, ಬೆಳ್ಳಿ ಬಣ್ಣ, ಕಿರುಬೆರಳಿಗಿಂತ ಸ್ವಲ್ಪ ಗಿಡ್ಡ, ತುದಿ ಬರೆಯುವ ಲೇಖನಿಯಂತೆ ಓರೆ. ಮರಗಟ್ಟಿಸುವ ಔಷಧಿಯನ್ನು ಗಂಟಿನೊಳಕ್ಕೇ ಹನಿಸುತ್ತದೆ. ನಾನು ಅದನ್ನು ನೆಟ್ಟ ನೋಟದಿಂದ ಎದುರಿಸಿದೆ. ಮನೆಯಲ್ಲಿ ಬೇಜಾರು ಎಂದು ಜೊತೆಗೆ ಬಂದಿದ್ದ ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಚುಚ್ಚಿದಾಗ ಉರಿ. ಆಮೇಲೆ ಏನೂ ಇಲ್ಲ. ನೋವೂ ಇಲ್ಲ, ಕೆನ್ನೆಯೂ ಇಲ್ಲ, ಅರ್ಧ ತುಟಿಯೂ ಇಲ್ಲ. ಎರಡೂವರೆ ಬೆರಳು ಹಿಡಿಯಿತು. ಇದಕ್ಕಿಂತ ಸೂಜಿ ಇನ್ನೇನು ಮಾಡೀತು?

ಅದೇ ದಿನ, ಸಂಜೆ

ಇನ್ನೇನು ಮಾಡೀತು ಎಂಬುದಕ್ಕೆ ಉತ್ತರ: ಜೊಲ್ಲು ಸುರಿಸೀತು. ಮಾತಾಡಿದರೆ ಬಾಯಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಅತ್ತೆ ಏನೋ ಕೇಳಿದರು, ನಾನು ಏನೋ ಹೇಳಿದೆ, ಅವರು ಒಂದು ಟವೆಲು ತಂದುಕೊಟ್ಟರು. ಕೊನೆಗೆ ಅಪ್ಪನ ಫೋನು ಕಸಿದುಕೊಂಡು ಟೈಪ್ ಮಾಡಿದೆ. ಫೋನಮ್ಮ ಘೋಷಿಸಿದಳು: ‘ನನಗೆ ಹಸಿವಾಗಿದೆ.’ ಅಪ್ಪ ಫೋನು ವಾಪಸು ಎಳೆದುಕೊಂಡು ಟೈಪ್ ಮಾಡಿದರು. ಅದೇ ಫೋನಮ್ಮ, ಅದೇ ಧಾಟಿ: ‘ಮೊದಲು ಬಾಯಿ ಒರೆಸಿಕೋ.’ ಹೀಗೆ ಒಂದೇ ಫೋನಿಗೆ ಇಬ್ಬರೂ ಕಿತ್ತಾಡುತ್ತ ಊಟ ಮುಗಿಸಿದೆವು. ಅತ್ತೆಗೆ ಯಾರ ಮಾತಿಗೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ.

ಒಂದು ವಿಷಯ. ಏನಾದರೂ ತಮಾಷೆ ಹೊಳೆಯುವುದಕ್ಕೂ ಟೈಪ್ ಮಾಡಿ ಮುಗಿಸುವುದಕ್ಕೂ ನಡುವೆ ಅದು ಹಳಸಿಹೋಗುತ್ತದೆ. ನನಗೆ ಎರಡು ಸಲ ಹಾಗಾಯಿತು. ಅಪ್ಪನಿಗೆ ದಿನವಿಡೀ ಎಷ್ಟು ಸಲ ಆಗುತ್ತದೋ. ಇರಲಿ, ಸೂಜಿಗೂ ಇದಕ್ಕೂ ಸಂಬಂಧವಿಲ್ಲ.

ಕೆನ್ನೆಗೆ ಜೀವ ಬಂದ ಮೇಲೆ ಬಿರಡೆ ಹಿಡಿದು ಓದಿದೆ.

ಜೂನ್ ೧೧, ಬುಧವಾರ

ಮದ್ದಿನ ಸೂಜಿ ಎರಡು ದಿನ ರಾಜ್ಯವಾಳಿ ಪದಚ್ಯುತವಾಯಿತು. ಇವತ್ತು ಬೆಳಿಗ್ಗೆ ಮತ್ತೆ ಒಂದೂವರೆ ಬೆರಳು. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು ಅನ್ನಿಸುತ್ತದೆ. ಪುಸ್ತಕದ ಕಪಾಟಿನಲ್ಲಿ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿದೆ. ಆಮೇಲೆ ಬಣ್ಣದ ಪ್ರಕಾರ. ಹೆಡ್‌ಫೋನಿನಲ್ಲಿ ಅಪ್ಪನ ಹಳೆ ಕರಡಿಯ ಒಂದೇ ವಾಕ್ಯ, ‘ಪತ್ರ ತಂದಿದ್ದೀನಿ, ಬಾಗಿಲು ತೆಗೀರಿ’, ಹಿಂದೆ ಮುಂದೆ, ಹಿಂದೆ ಮುಂದೆ. ಅತ್ತೆ ಬಂದು ಹೆಡ್‌ಫೋನು ತೆಗೆದು, ಕಿವಿನೂ ಹಾಳುಮಾಡಿಕೋ, ಅದೊಂದು ಬಾಕಿ ಇತ್ತು ಎಂದು ಹೋದರು.

ತಡೆಯಲಾರದೆ ಫೋನಿನ ಸೆಟ್ಟಿಂಗ್ ಬದಲಿಸಿ ಫೋನಮ್ಮನನ್ನು ಐದು ವರ್ಷದ ಮಗುವಾಗಿಸಿದೆ. ಅಪ್ಪ ನ್ಯೂಸ್‌ಪೇಪರಿನವನಿಗೆ ಗಂಭೀರವಾಗಿ ಬಿಲ್ಲಿನ ತಕರಾರು ಹೇಳಲು ಹೋದಾಗ ಮಗು ಮುದ್ದಾಗಿ ವಾದ ಮಾಡಿತು. ಅವನು ನಕ್ಕ. ಅಪ್ಪನೂ ನಕ್ಕರು, ಭುಜ ಕುಲುಕಿತು, ಸದ್ದು ಬರಲಿಲ್ಲ. ನನಗೆ ಬೇರೆ ಕೋಣೆಯಲ್ಲಿ ಕೆಲಸ ನೆನಪಾಯಿತು.

ಜೂನ್ ೧೨, ಗುರುವಾರ

ಎರಡನೆಯ ಯುದ್ಧ. ಎದುರಾಳಿ: ದೂರದ ಸೂಜಿ. ಸೇನಾನಿ: ಅಕ್ಯುಪಂಕ್ಚರ್ ತಾತ, ಲಾಂಡ್ರಿಯ ಮೇಲಿನ ಮಹಡಿಯಲ್ಲಿ. ಕೆಳಗಿನ ಇಸ್ತ್ರಿಯ ಹಬೆಯ ವಾಸನೆ ಮೇಲಕ್ಕೂ ಬರುತ್ತಿತ್ತು.

ದವಡೆ ನೋವು ಎಂದರೆ ತಾತ ನನ್ನ ಕೈ ಹಿಡಿದುಕೊಂಡು ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸ ಒತ್ತಿ ನೋಡಿದರು. ದವಡೆ ಮೇಲಿದೆ ಎಂದು ವಿನಯದಿಂದ ನೆನಪಿಸಿದೆ. ಗೊತ್ತು ಅಂದರು. ಸೂಜಿಗಳ ವರ್ಣನೆ: ಕೂದಲಿನಂತೆ ಸಣ್ಣ, ಹಿಡಿಕೆಗೆ ತಾಮ್ರದ ಸುರುಳಿ, ಗಿಟಾರಿನ ತಂತಿಯ ತುಂಡಿನ ಹಾಗೆ. ಕೈಗೊಂದು, ಪಾದಕ್ಕೊಂದು, ಕಿವಿಯ ಮುಂದೆ ಒಂದೊಂದು. ನೋವು ಅಷ್ಟಕ್ಕಷ್ಟೆ, ಒಂಥರಾ ಭಾರ. ಚುಚ್ಚಿ ದೀಪ ಮಂದ ಮಾಡಿ ತಾತ ಹೋಗಿಬಿಟ್ಟರು. ಎಲ್ಲ ಸೂಜಿಗಳನ್ನೂ ನಾನು ನಿರ್ಭೀತಿಯಿಂದ ಒಂದೊಂದಾಗಿ ಪರಿಶೀಲಿಸಿದೆ. ಅಪ್ಪ ಹೊರಗೆ ಬೆಂಚಿನ ಮೇಲೆ.

ಏಳುವ ಮೊದಲು ತಾತ ಕೇಳಿದರು, ಏನಾದ್ರೂ ಕಚ್ಚೋ ಅಭ್ಯಾಸ ಇದೆಯಾ. ಇಲ್ಲ. ಕೋಪ ನುಂಗೋ ಅಭ್ಯಾಸ ಇದೆಯಾ, ಎಂದರು. ನಾನಾ ತಾತ, ನನಗೆ ಕೋಪವೇ ಬರುವುದಿಲ್ಲ, ಮನೆಯವರಿಗೆ ಬರಿಸುವುದಷ್ಟೇ ನನ್ನ ಖಾತೆ, ಅಂದೆ. ತಾತ ನಗಲಿಲ್ಲ. ಹ್ಞೂಂ ಅಂದರು.

ಮನೆಗೆ ಬಂದು ಎಷ್ಟೋ ದಿನದ ಮೇಲೆ ಮಧ್ಯಾಹ್ನ ನಿದ್ದೆ ಹೋದೆ. ಎದ್ದಾಗ ಎರಡು ಬೆರಳು. ಅದೇ ಹುರುಪಿನಲ್ಲಿ ಎರಡು ಪಟ್ಟು ಅಭ್ಯಾಸ ಮಾಡಿದೆ.

ಜೂನ್ ೧೩

ಒಂದು ಬೆರಳು.

ಜೂನ್ ೧೬, ಸೋಮವಾರ

ಸ್ಟುಡಿಯೋ. ಗೋಡೆಗೆಲ್ಲ ಸ್ಪಂಜು, ಗಾಜಿನ ಆಚೆ ಸೌಂಡ್ ಎಂಜಿನಿಯರ್. ನಾವೆಲ್ಲ ಅವನನ್ನು ಕಿವಿಯಣ್ಣ ಅನ್ನುತ್ತೇವೆ; ಪಕ್ಕದ ಕೋಣೆಯಲ್ಲಿ ಯಾರ ಹೊಟ್ಟೆ ಗುರುಗುಟ್ಟಿತು ಎಂದೂ ಹೇಳಬಲ್ಲ. ಯಜಮಾನರಿಗೆ ಹೇಳದೆ ಒಂದು ಟೇಕ್ ಮಾಡಿಸಿಕೊಡು ಎಂದು ಗೋಗರೆದೆ. ‘ಪತ್ರ ತಂದಿದ್ದೀನಿ, ಬಾಗಿಲು ತೆಗೀರಿ.’

ಕಿವಿಯಣ್ಣ ಸರಿಯಾಗಿಯೇ ಇದ್ದ ಗುಂಡಿಗಳನ್ನೆಲ್ಲ ಮತ್ತೊಮ್ಮೆ ಸರಿಮಾಡಿದ. ಅವನು ಒಳ್ಳೆಯವನು.

“ಹೇಗಿದೆ ಕರಡಿ?”

“ಹೊಟ್ಟೆನೋವಿದ್ದಂಗಿದೆ,” ಅಂದ. “ಹಲ್ಲು ಕಚ್ಕೊಂಡು ಮಾತಾಡ್ತಿದೆ. ನಿಮ್ಮಪ್ಪ ಹಿಂಗೆ ಬಿಗೀತಿರ್ಲಿಲ್ಲ ಕಣೇ. ಅವರು ಮೈಕ್ ಮುಂದೆ ನಿಂತ್ರೆ ಈಗ ನಿದ್ದೆ ಮಾಡಿಬಿಡ್ತಾರೇನೋ ಅಂತ ಭಯ ಆಗೋದು.”

ಕಿವಿಯಣ್ಣನಿಗೆ ಬಿರಡೆಯ ಗುಟ್ಟು ಗೊತ್ತಿಲ್ಲ, ಪಾಪ. ಅವನಿಗೆ ಕಾಣುವುದು ಗಾಜಿನ ಈಚೆಯದು ಮಾತ್ರ.

ಹೊರಗೆ ಬರುವಾಗ ಮುಲಾಮು ಮನುಷ್ಯ ಎದುರಾದ. ನಿಮ್ಮ ತಂದೆಯವರನ್ನು ಕೇಳಿದೆ ಅನ್ನಿ ಎಂದ. ಆ ‘ಅನ್ನಿ’ಗೇ ಕಿಟಕಿಯ ಗಾಜು ಅದುರಿತು. ಒಳ್ಳೆಯ ಮನುಷ್ಯನೇ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಅವನ ಬೂಟಿನೊಳಗೆ ಏನಾದರೂ ಹಾಕಬಹುದಿತ್ತು.

ಮನೆಯವರೆಗೂ ನಡೆದೇ ಬಂದೆ. ಬಸ್ಸಿನಲ್ಲಿ ಸುಮ್ಮನೆ ಕೂರಲು ಆಗುತ್ತಿರಲಿಲ್ಲ.

ಜೂನ್ ೧೯, ಗುರುವಾರ

ಮೂರನೆಯ ಯುದ್ಧ. ಎದುರಾಳಿ: ಒಣ ಸೂಜಿ. ಸೇನಾನಿ: ಫಿಸಿಯೋ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಹೊರಗೆ ಸೈಕಲ್ ನಿಲ್ಲಿಸಿರುತ್ತಾಳೆ, ತಾನು ಮಾಡುವುದನ್ನೆಲ್ಲ ಕ್ರಿಕೆಟ್ ಕಾಮೆಂಟರಿಯಂತೆ ಹೇಳುತ್ತ ಹೋಗುತ್ತಾಳೆ. ಅಕ್ಯುಪಂಕ್ಚರಿನಂಥದೇ ಸೂಜಿ, ಆದರೆ ಲೆಕ್ಕ ಬೇರೆ ಅಂದಳು: ಅಲ್ಲಿ ಅವರ ನಕ್ಷೆಯ ಪ್ರಕಾರ ಚುಚ್ಚುತ್ತಾರೆ, ಇಲ್ಲಿ ಗಂಟು ಎಲ್ಲಿದೆಯೋ ನೇರ ಅಲ್ಲಿಗೇ. ಒಳಗೆ ಔಷಧಿ ಏನೂ ಇರುವುದಿಲ್ಲ, ಹಾಗಾಗಿ ಒಣ ಸೂಜಿ. ಔಷಧಿ ಇಲ್ಲದೆ ಹೇಗೆ ಗುಣವಾಗುತ್ತದೆ ಎಂದು ಕೇಳಿದೆ. ಅದನ್ನು ಪೂರ್ತಿಯಾಗಿ ತಿಳಿದವರು ಯಾರೂ ಇಲ್ಲ, ಕೆಲವರಿಗೆ ಚೆನ್ನಾಗಿ ಆಗುತ್ತದೆ, ಕೆಲವರಿಗೆ ಇಲ್ಲ ಅಂದಳು. ಮೂವರು ಸೇನಾನಿಗಳಲ್ಲಿ ಗೊತ್ತಿಲ್ಲ ಎಂದವಳು ಇವಳೊಬ್ಬಳೇ. ತಕ್ಷಣ ನಂಬಿಕೆ ಬಂತು.

ಕೆನ್ನೆಯನ್ನು ಬೆರಳಿನಿಂದ ಹುಡುಕಿ ಹುಡುಕಿ, ಇದೋ ಸಿಕ್ತು ಕಳ್ಳ, ಅಂದಳು. ಸೂಜಿ ಒಳಗೆ ಹೋದಾಗ ಏನೂ ಇಲ್ಲ. ಗಂಟಿಗೆ ತಾಗಿದಾಗ ಮಾತ್ರ ಸ್ನಾಯು ತಾನೇ ತಾನಾಗಿ ಪಟ್ಟೆಂದು ಹಾರಿತು, ಬಲೆಯಲ್ಲಿ ಸಿಕ್ಕ ಮೀನಿನಂತೆ. ಹಲ್ಲಿನ ಬೇರಿನವರೆಗೂ ಒಂದು ವಿಚಿತ್ರ ಸೆಳೆತ. ಸೂಜಿಯ ವರ್ಣನೆ: ತೆಳ್ಳಗೆ, ಹಸಿರು ಪ್ಲಾಸ್ಟಿಕ್ ಹಿಡಿಕೆ, ಹೊರಗೆ ತೆಗೆದಾಗ ಕೊಂಚ ಬಾಗಿತ್ತು. ಕಣ್ಣು ಪಿಳುಕಿಸದೆ ನೋಡಿದೆ. ಅಪ್ಪ ಎಂದಿನಂತೆ ಹೊರಗೆ.

“ಏನಾದ್ರೂ ಅಗಿಯೋದು, ಕಚ್ಚೋದು?” ಎಂದು ಇವಳೂ ಕೇಳಿದಳು.

ಇಲ್ಲ ಎಂದೆ. ಮೂರನೇ ಸಲ. ಇವರೆಲ್ಲ ಒಂದೇ ಪ್ರಶ್ನೆಪತ್ರಿಕೆ ಓದಿ ಪಾಸಾಗಿರಬೇಕು.

ಜೂನ್ ೨೧, ಶನಿವಾರ

ಫಿಸಿಯೋ ಹೇಳಿದ್ದಂತೆ ಒಂದು ದಿನ ಕೆನ್ನೆ ಹೊಡೆತ ತಿಂದಂತೆ ನೋಯುತ್ತಿತ್ತು, ಆಮೇಲೆ ಸಡಿಲಾಯಿತು. ಎರಡೂವರೆ ಬೆರಳು. ನಿನ್ನೆ ಸಂಜೆ ಅಭ್ಯಾಸ. ಇವತ್ತು ಬೆಳಿಗ್ಗೆ ಒಂದೂವರೆ. ನನ್ನ ಮುಖವೇ ನನಗೆ ವೈರಿ.

ಹಲ್ಲಿನ ಡಾಕ್ಟರಿಗೆ ಫೋನು ಮಾಡಿ ಇನ್ನೇನು ಉಳಿದಿದೆ ಎಂದು ಕೇಳಿದೆ. ಬೊಟಾಕ್ಸ್ ಅಂದರು. ಸೂಜಿಗಳ ಚಕ್ರವರ್ತಿ. ಸ್ನಾಯುವನ್ನೇ ಮಂಕು ಮಾಡುತ್ತದಂತೆ, ಬಿಗಿಯಬೇಕೆಂದರೂ ಬಿಗಿಯಲಾಗದು. ಪರಿಣಾಮ ಪೂರ್ತಿ ಕಾಣಲು ಒಂದೆರಡು ವಾರ ಬೇಕು, ಮೂರು ನಾಲ್ಕು ತಿಂಗಳು ಇರುತ್ತದೆ, ಅಗಿಯುವ ಬಲ ಕಡಿಮೆಯಾದೀತು, ನಗು ಕೊಂಚ ಸೊಟ್ಟಗಾದೀತು. ಇಪ್ಪತ್ತೆಂಟಕ್ಕೆ ಸರಿಹೋಗುತ್ತದೆಂದು ತಾವು ಭರವಸೆ ಕೊಡುವುದಿಲ್ಲ, ನನ್ನ ಜಾಗದಲ್ಲಿದ್ದರೆ ತಾವು ಆತುರ ಮಾಡುತ್ತಿರಲಿಲ್ಲ ಎಂದೂ ಹೇಳಿದರು. ಡಾಕ್ಟರು ನನ್ನ ಜಾಗದಲ್ಲಿಲ್ಲ. ಸೋಮವಾರ ಬೆಳಿಗ್ಗೆಗೆ ಸಮಯ ತೆಗೆದುಕೊಂಡೆ.

ಅತ್ತೆಗೆ ಹೇಳಿದೆ. “ನಗು ಸೊಟ್ಟಗಾದ್ರೆ ಯಾರಿಗೆ ಗೊತ್ತಾಗುತ್ತೆ, ನಿಂದು ಮೊದಲಿಂದ್ಲೂ ಹಾಗೇ,” ಅಂದರು. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟರು.

ಅಪ್ಪನಿಗೆ ಹೇಳಲಿಲ್ಲ.

ಜೂನ್ ೨೨, ಭಾನುವಾರ

ಹೇಗೆ ಬರೆಯುವುದು. ಬಿರುದು ಬಾವಲಿಗಳಿಗೆ ಇವತ್ತು ರಜೆ.

ಸಂಜೆ ಅಪ್ಪನ ಕೋಣೆಯ ಬಾಗಿಲು ಮುಚ್ಚಿಕೊಂಡು ಬಿರಡೆ ಕಚ್ಚಿ ಓದುತ್ತಿದ್ದೆ. ಕಣ್ಣಲ್ಲಿ ನೀರು. ನೋವಿಗೆ, ಬೇರೆ ಯಾವುದಕ್ಕೂ ಅಲ್ಲ. ಅಪ್ಪ ಬಂದದ್ದು ಗೊತ್ತಾಗಲಿಲ್ಲ, ಈಗ ಅವರು ಬರುವುದೇ ಹಾಗೆ, ಮುನ್ಸೂಚನೆಗೆ ಕೆಮ್ಮು ಕೂಡ ಇಲ್ಲ. ನನ್ನ ಮುಂದೆ ನಿಂತು ಕೈ ಚಾಚಿದರು. ಮೇಷ್ಟ್ರು ಮಕ್ಕಳ ಬಾಯಿಂದ ಮಿಠಾಯಿ ಉಗುಳಿಸುವಂತೆ. ಉಗುಳಿದೆ.

ಬಿರಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಟೈಪ್ ಮಾಡಿದರು. ಫೋನಮ್ಮ ಕೇಳಿದಳು: ‘ಇದು ನಿನ್ನ ಹತ್ತಿರ ಏಕೆ ಇದೆ.’

ಕರಡಿ ಇದರಿಂದಲೇ ಅಲ್ವಾ ಬರೋದು, ಅಂದೆ. ನಿಮ್ಮ ಹಲ್ಲಿನ ಗುರುತೆಲ್ಲ ಇದೆಯಲ್ಲ. ಇಲ್ಲೇ ಇದೆ ಅಂತ ನನಗೆ ಗೊತ್ತು.

ಅಪ್ಪ ನನ್ನನ್ನು ನೋಡಿದರು. ಬಹಳ ಹೊತ್ತು ಟೈಪ್ ಮಾಡಿದರು, ಅಳಿಸಿದರು, ಮತ್ತೆ ಮಾಡಿದರು. ಕೊನೆಗೆ ಫೋನಮ್ಮ, ಪ್ಲಾಟ್‌ಫಾರಂ ಬದಲಾಗಿದೆ ಎನ್ನುವಂತೆ, ಹೇಳಿದಳು:

‘ಅದು ಸಿಗರೇಟು ಬಿಡಲು ಕಚ್ಚುತ್ತಿದ್ದ ಬಿರಡೆ. ಸಿಗರೇಟು ಬಿಡಲು ಆಗಲಿಲ್ಲ.’

ನಾನು ನಗಬೇಕೆಂದುಕೊಂಡೆ. ನಗುವಂಥದ್ದೇ. ಒಂದು ತಿಂಗಳಿನಿಂದ ಅಪ್ಪನ ಸಿಗರೇಟಿನ ಚಟವನ್ನು ಕಚ್ಚಿಕೊಂಡು ಕರಡಿಯನ್ನು ಹುಡುಕುತ್ತಿದ್ದೆ. ಆದರೆ ಬಾಯಿಂದ ಬಂದದ್ದು ಬೇರೆ.

“ಬಿಡಬಹುದಿತ್ತಲ್ಲಪ್ಪ,” ಅಂದೆ. “ನಾನು ಎಷ್ಟು ಸಲ ಹೇಳಿದ್ದೆ. ಪ್ಯಾಕೆಟ್ ಬಚ್ಚಿಟ್ಟೆ, ನೀರಲ್ಲಿ ಹಾಕಿದೆ. ನೀವು ಅದನ್ನೂ ತಮಾಷೆ ಅಂದ್ಕೊಂಡ್ರಿ. ಬಿಡಬಹುದಿತ್ತಲ್ಲ.”

ಜೋರಾಗೇ ಅಂದಿರಬೇಕು, ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯುವುದಿಲ್ಲ. ಅಪ್ಪ ಫೋನು ಮೇಜಿನ ಮೇಲೆ ಮಗುಚಿಟ್ಟು ಪೂರ್ತಿ ಕೇಳಿಸಿಕೊಂಡರು. ಹೌದು ಎಂದು ತಲೆಯಾಡಿಸಿದರು. ಆಮೇಲೆ ತೋಳು ಹಿಡಿದು ಕುರ್ಚಿಯ ಮೇಲೆ ಕೂರಿಸಿ, ಎದುರಿಗೆ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತು, ಫೋನಿನಲ್ಲಿ ಒಂದೇ ಪದ ಟೈಪ್ ಮಾಡಿದರು. ‘ಆಕಳಿಕೆ.’

ಏನು ಎಂದೆ. ‘ಕರಡಿ ಆಕಳಿಸುತ್ತಾ ಮಾತಾಡುತ್ತದೆ. ಚಳಿಗಾಲದ ನಿದ್ದೆಯಿಂದ ಎದ್ದು ಕೆಲಸಕ್ಕೆ ಬಂದಿದೆ. ನೋಡು.’

ಫೋನು ಪಕ್ಕಕ್ಕಿಟ್ಟು ಅಪ್ಪ ಆಕಳಿಸಿದರು. ದವಡೆ ತಾನಾಗಿ ಕೆಳಗಿಳಿಯಿತು, ನಾಲಿಗೆ ಹಿಂದಕ್ಕೆ ಮಲಗಿತು, ಕಣ್ಣು ಸಣ್ಣಗಾಯಿತು. ಅದೇ ಕರಡಿ, ಸದ್ದೊಂದಿಲ್ಲ. ಆ ಆಕಳಿಕೆಯೊಳಗೇ ತುಟಿ ಆಡಿಸಿದರು: ಪತ್ರ ತಂದಿದ್ದೀನಿ. ಚಿಕ್ಕವಳಿದ್ದಾಗ ಗಾಜಿನ ಆಚೆ ಕೂತು ಎಷ್ಟು ಸಲ ನೋಡಿದ್ದೇನೆ. ಅತ್ತೆ, ರಾತ್ರಿ ನೆಟ್ಟಗೆ ಮಲಗದಿದ್ರೆ ಹೀಗೇ, ಎಂದು ಅಪ್ಪನನ್ನು ಬೈಯುತ್ತಿದ್ದುದೂ ನೆನಪಿದೆ.

ಎದುರಿಗಿರುವವರು ಆಕಳಿಸಿದರೆ ಯಾರಿಂದ ತಡೆಯಲಾಗುತ್ತದೆ? ಕಿವಿಯ ಬಳಿ ಚುರುಕ್ ಎಂದಿತು, ಆದರೂ ಬಂತು, ಹೊಟ್ಟೆಯಿಂದ, ದೊಡ್ಡದು. ಅದರ ನಡುವೆಯೇ ನಾನೂ ಅಂದೆ, ಬಾಗಿಲು ತೆಗೀರಿ.

ಬಾಗಿಲು ನಿಜಕ್ಕೂ ತೆರೆಯಿತು. ಕೈಯಲ್ಲಿ ಸೌಟು ಹಿಡಿದ ಅತ್ತೆ ನಿಂತಿದ್ದರು. ನಮ್ಮಿಬ್ಬರನ್ನೂ ನೋಡಿದರು. ಒಳಗೆ ಯಾರು ಮಾತಾಡಿದ್ದು ಎಂದು ಕೇಳಿದರು. ಆಮೇಲೆ ಅವರಿಗೂ ಆಕಳಿಕೆ ಬಂತು.

ಜೂನ್ ೨೩, ಸೋಮವಾರ

ಬೊಟಾಕ್ಸ್ ಚಕ್ರವರ್ತಿಗೆ ಕ್ಷಮಾಪಣೆ ಕೋರಿ, ಫಿಸಿಯೋ ಬಳಿ ಎರಡನೇ ಸುತ್ತಿಗೆ ಹೋದೆ. ಬಿರಡೆಯನ್ನು ಸಾಕ್ಷ್ಯವಾಗಿ ಮೇಜಿನ ಮೇಲಿಟ್ಟೆ. ಅವಳು ಅದನ್ನು ನೋಡಿ ಕೈಕಟ್ಟಿಕೊಂಡಳು.

“ಇದನ್ನ ದಿನಾ?”

“ದಿನಾ.”

“ನಾನು ಕೇಳ್ದೆ ಅಲ್ವಾ, ಏನಾದ್ರೂ ಕಚ್ತೀಯಾ ಅಂತ?”

“ಇದು ಕಚ್ಚೋದು ಅಲ್ಲ, ಅಭ್ಯಾಸ.”

“ಚೆನ್ನಾಗಿದೆ. ನಾನು ಇಲ್ಲಿ ಗಂಟು ಬಿಚ್ಚೋದು, ನೀನು ಮನೇಗೆ ಹೋಗಿ ಮತ್ತೆ ಕಟ್ಟೋದು.”

ಬೈಯುತ್ತಲೇ ಹುಡುಕಿದಳು, ಬೈಯುತ್ತಲೇ ಚುಚ್ಚಿದಳು. ಮೀನು ಮತ್ತೆ ಹಾರಿತು. ಬಾಯಿ ಸುಮ್ಮನಿರುವಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಕೂಡದು ಎಂದು ಹೇಳಿಕೊಟ್ಟಳು. ಈ ದೇಹದಲ್ಲಿ ಇಷ್ಟು ವರ್ಷ ಬಾಡಿಗೆಗಿದ್ದೇನೆ, ಈ ನಿಯಮ ಯಾರೂ ಹೇಳಿರಲಿಲ್ಲ.

ಮನೆಯಲ್ಲಿ ಅಪ್ಪ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಆಕಳಿಕೆಯ ಪಾಠ ಮಾಡುತ್ತಾರೆ. ನಾನು ಸರಿಯಾಗಿ ಮಾಡದಿದ್ದರೆ ಫೋನಮ್ಮ, ‘ಇದು ಆಕಳಿಕೆಯಲ್ಲ, ಬಿಕ್ಕಳಿಕೆ’ ಎಂದು ತೀರ್ಪು ಕೊಡುತ್ತಾಳೆ. ಅವಳ ಜೊತೆ ವಾದ ಮಾಡಿ ಸೋತೆ. ಬಾಯಿ ಜೋರು ಅವಳದು.

ಜೂನ್ ೨೮, ಶನಿವಾರ

ಎರಡೂವರೆ ಬೆರಳು, ಒತ್ತಿದರೆ ಮೂರು.

ಮೈಕಿನ ಮುಂದೆ ನಿಂತೆ. ಗಾಜಿನ ಆಚೆ ಕಿವಿಯಣ್ಣ, ಯಜಮಾನರು, ಅಪ್ಪ. ಕೆಂಪು ದೀಪ ಹತ್ತಿತು. ಅಪ್ಪ ನನ್ನನ್ನೇ ನೋಡುತ್ತ ನಿಧಾನವಾಗಿ ಬಾಯಿ ತೆರೆದರು. ನನಗೂ ಬಂತು. ಅದರೊಳಗಿಂದ ಕರಡಿ ಇಳಿದು ಬಂತು, ಚೀಲ ಹೆಗಲಿಗೇರಿಸಿ, ಇನ್ನೂ ನಿದ್ದೆಗಣ್ಣಲ್ಲಿ. ಪುಟ ಪೂರ್ತಿ ಓದಿದೆ. ಮಧ್ಯದಲ್ಲಿ ಯಜಮಾನರು ಆಕಳಿಸಿದರು, ಕಿವಿಯಣ್ಣ ತಡೆಯಲು ನೋಡಿ ಕಣ್ಣೀರು ಹಾಕಿಕೊಂಡು ಆಕಳಿಸಿದ. ಸರದಿಗಾಗಿ ಬಾಗಿಲ ಬಳಿ ಕಾಯುತ್ತಿದ್ದ ಮುಲಾಮು ಮನುಷ್ಯ ಆಕಳಿಸಿದಾಗ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು.

ಯಜಮಾನರು ಕನ್ನಡಕ ತೆಗೆದು ಒರೆಸಿ, “ಇದು ನಿಮ್ಮಪ್ಪನ ಕರಡಿ ಅಲ್ಲ,” ಅಂದರು. ಕನ್ನಡಕ ಮತ್ತೆ ಹಾಕಿಕೊಂಡರು. “ಇದು ಸ್ವಲ್ಪ ಚಿಕ್ಕ ಪ್ರಾಯದ್ದು. ಸ್ವಲ್ಪ ಕಿಲಾಡಿ. ಆದ್ರೆ ಅದೇ ಬೆಟ್ಟದ್ದು. ಸೋಮವಾರದಿಂದ ಬಾ.”

ಮುಲಾಮು ಮನುಷ್ಯನಿಗೆ ಅದೇ ಸಿನಿಮಾದ ಹುಲಿಯ ಪಾತ್ರ ಸಿಕ್ಕಿತು. ನನ್ನ ಕೈ ಕುಲುಕಿದ, ಭುಜ ಕಳಚಿತು.

ಕಿವಿಯಣ್ಣ ಅಪ್ಪನ ಹಳೆಯದನ್ನೂ ನನ್ನದನ್ನೂ ಪಕ್ಕಪಕ್ಕ ಹಾಕಿ ಕೇಳಿಸಿದ. ಒಂದರಂತೆ ಇನ್ನೊಂದಿಲ್ಲ. ಹೌದಲ್ಲ ಅಂದೆ. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ, ಹೊಟ್ಟೆ ಹಸಿದಿತ್ತು. ಅಪ್ಪ ಮಾತ್ರ ತಮ್ಮದನ್ನಲ್ಲ, ನನ್ನದನ್ನು ಇನ್ನೊಮ್ಮೆ ಹಾಕು ಎಂದು ಕೈಸನ್ನೆ ಮಾಡಿದರು.

ಜೂನ್ ೨೯, ಭಾನುವಾರ

ಅಂತಿಮ ತೀರ್ಪು. ವಾದಿ, ಪ್ರತಿವಾದಿ, ನ್ಯಾಯಾಧೀಶೆ, ಮತ್ತು ದವಡೆ: ನಾನೇ.

ಮದ್ದಿನ ಸೂಜಿ ಬೇಗ ಬಂದು ಬೇಗ ಹೋಗುವ ನೆಂಟ; ಬಂದಾಗ ಮನೆಯವರಿಗೆ ಮಾತೇ ಹೊರಡದು. ದೂರದ ಸೂಜಿ ನಿದ್ದೆ ತರಿಸಿತು ಮತ್ತು ಅನಗತ್ಯ ಪ್ರಶ್ನೆ ಕೇಳಿಸಿತು. ಒಣ ಸೂಜಿ ನೋಯಿಸಿ ಬಿಡಿಸಿತು. ಗೆಲುವಿನ ಮಾಲೆ ಅದಕ್ಕೇ. ಬೊಟಾಕ್ಸ್ ಹಾಜರಾಗದ ಕಾರಣ ಅದರ ಬಗ್ಗೆ ನ್ಯಾಯಾಲಯ ಅಭಿಪ್ರಾಯ ಹೇಳುವುದಿಲ್ಲ. ಗೆದ್ದ ಸೂಜಿಯ ಎರಡನೇ ಸುತ್ತೂ ಬಿರಡೆ ಬಿಟ್ಟದ್ದೂ ಒಟ್ಟಿಗೇ ಬಿದ್ದವು, ಹಾಗಾಗಿ ಈ ಹೋಲಿಕೆಗೆ ಮೂರು ಕಾಸಿನ ಬೆಲೆಯಿಲ್ಲ ಎಂದು ಫಿಸಿಯೋ ಆಕ್ಷೇಪಿಸಿದ್ದಾಳೆ. ಆಕ್ಷೇಪಣೆಯನ್ನು ಕಡತಕ್ಕೆ ಸೇರಿಸಲಾಗಿದೆ.

ಆದರೆ ಚರಿತ್ರಕಾರರೇ, ಇನ್ನೊಂದು ಸಣ್ಣ ವಿಷಯ. ತಕ್ಕಡಿಗೆ ಹೋಗುವ ಮೊದಲು ಹೇಳಿಬಿಡುತ್ತೇನೆ. ಈ ಪುಸ್ತಕದಲ್ಲಿ ವರ್ಣಿಸಿರುವ ಸೂಜಿಗಳಲ್ಲಿ ಒಂದನ್ನೂ ನಾನು ನೋಡಿಲ್ಲ. ಎಲ್ಲ ಸಲವೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಅಪ್ಪ ಹೊರಗೆ ಬೆಂಚಿನ ಮೇಲೆ ಇರಲಿಲ್ಲ, ಒಳಗೇ ಇದ್ದರು, ನನ್ನ ಪಕ್ಕದಲ್ಲಿ. ಲೇಖನಿಯ ತುದಿ, ಗಿಟಾರಿನ ತಂತಿ, ಹಸಿರು ಹಿಡಿಕೆ, ಎಲ್ಲ ಅವರು ಟೈಪ್ ಮಾಡಿ ಫೋನಮ್ಮ ಓದಿ ಹೇಳಿದ್ದು. ತುಂಬ ನಿಧಾನವಾಗಿ ಬರುತ್ತಿತ್ತು ಆ ವರ್ಣನೆ, ಯಾಕೆಂದರೆ ಅವರು ಒಂದೇ ಕೈಯಲ್ಲಿ ಟೈಪ್ ಮಾಡಬೇಕಾಗಿತ್ತು. ಇನ್ನೊಂದನ್ನು ನಾನು ಬಿಟ್ಟಿರಲಿಲ್ಲ.